ಹುಲ್ಲುಹಾಸಿನ ಕಳೆ, ಪಕ್ಕದ ಮನೆಯ ಟೊಮೆಟೊ

ಮೈಸೂರಿನ ನಮ್ಮ ಮನೆಯ ಮುಂದೆ ಎರಡು ಗುಂಟೆಯಷ್ಟು ಹುಲ್ಲುಹಾಸಿದೆ. ನಾಲ್ಕು ವರ್ಷಗಳ ಹಿಂದೆ ಅದರಲ್ಲಿ ಅಚ್ಚೆಗಿಡ, ಕಾಂಗ್ರೆಸ್ ಗಿಡ ತುಂಬಿಕೊಂಡಾಗ ಒಂದು ಮಧ್ಯಾಹ್ನ 2,4-ಡಿ ಎಂಬ ಕಳೆನಾಶಕ ಸಿಂಪಡಿಸಿಬಿಟ್ಟೆ. ವಾರ ಕಳೆಯುವ ಮೊದಲೇ ಪಕ್ಕದ ಮನೆಯ ಅಮ್ಮ ಕರೆದು, "ನೋಡಪ್ಪ, ಇದೇನು ರೋಗ?" ಎಂದು ಟೊಮೆಟೊ ಸಸಿಗಳನ್ನು ತೋರಿಸಿದರು. ಚಿಗುರೆಲೆಗಳು ದಾರದಂತೆ ಸಣ್ಣಗಾಗಿ, ತೊಟ್ಟುಗಳು ತಿರುಚಿಕೊಂಡಿದ್ದವು. ರೋಗವಲ್ಲ, ನನ್ನ ಔಷಧದಿಂದಲೇ ಹೀಗಾಗಿದೆ ಎಂದು ಅವರೆದುರು ಒಪ್ಪಿಕೊಂಡೆ.

2,4-ಡಿ ಅಗಲ ಎಲೆಯ ಗಿಡಗಳ ಬೆಳವಣಿಗೆಯನ್ನು ಅಡ್ಡಾದಿಡ್ಡಿ ಮಾಡಿ ಕೊಲ್ಲುತ್ತದೆ, ಹುಲ್ಲು ಉಳಿಯುತ್ತದೆ. ಟೊಮೆಟೊ, ಹತ್ತಿ, ದ್ರಾಕ್ಷಿಗೆ ಅದರ ಗಾಳಿ ಸೋಕಿದರೂ ಸಾಕು. ನಾನು ತಂದಿದ್ದು ಅದರ ಎಸ್ಟರ್ ರೂಪ, ಬಿಸಿಲಿಗೆ ಆವಿಯಾಗುವಂಥದ್ದು. ಈಗ ಅದೇ ಔಷಧದ ಅಮೈನ್ ಲವಣ ರೂಪವನ್ನೇ ತರುತ್ತೇನೆ, ಅದು ಅಷ್ಟು ಬೇಗ ಆವಿಯಾಗುವುದಿಲ್ಲ.

ಎರಡನೆಯ ತಪ್ಪು ಅಳತೆಯದು. ಮುಚ್ಚಳದಲ್ಲಿ ಅಂದಾಜಿಗೆ ಸುರಿದಿದ್ದೆ. ಈಗ ಮೊದಲು ಪಂಪಿಗೆ ಬರೀ ನೀರು ತುಂಬಿ, ಒಂದು ಗುಂಟೆಯನ್ನು ಹಗ್ಗ ಕಟ್ಟಿ ಅಳೆದು, ನನ್ನ ಮಾಮೂಲಿ ನಡಿಗೆಯಲ್ಲಿ ಸಿಂಪಡಿಸಿ ನೋಡುತ್ತೇನೆ. ಐದು ಲೀಟರ್ ಹೋದರೆ ಎಕರೆಗೆ ಇನ್ನೂರು ಲೀಟರ್ ಆಯಿತು. ಡಬ್ಬಿಯ ಜೊತೆ ಬರುವ ಕರಪತ್ರದಲ್ಲಿ ಎಕರೆಗೆ ಎಷ್ಟು ಎಂದಿದೆಯೋ ಅದರ ನಲವತ್ತನೇ ಒಂದು ಭಾಗವನ್ನು ಆ ಐದು ಲೀಟರಿಗೆ ಬೆರೆಸುತ್ತೇನೆ. ಪ್ರಮಾಣವನ್ನು ಇಲ್ಲಿ ಬರೆಯುವುದಿಲ್ಲ, ಒಂದೊಂದು ಡಬ್ಬಿಯದು ಒಂದೊಂದು ತೀಕ್ಷ್ಣತೆ. ಕರಪತ್ರವನ್ನೇ ಓದಿ, ಹುಲ್ಲುಹಾಸಿಗೆ ಅದು ಸಲ್ಲುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ. ಕಳೆನಾಶಕದ ಪಂಪು ಬೇರೆಯೇ ಇರಲಿ. ತೊಳೆದರೂ ಉಳಿಯುವ ಅಂಶ ಮುಂದೆ ತರಕಾರಿಯನ್ನು ಸುಡುತ್ತದೆ.

ಕೊನ್ನಾರಿ ಗಡ್ಡೆಗೆ ಮಾತ್ರ ಈ ಔಷಧ ಸಾಲದು. ಎಲೆ ಕಿತ್ತರೆ ಕೆಳಗಿನ ಸರಪಳಿಯಲ್ಲಿ ಮಲಗಿದ್ದ ಗಡ್ಡೆ ಚಿಗುರುತ್ತದೆ. ಮಳೆ ಬಿದ್ದು ಮಣ್ಣು ಸಡಿಲವಾದಾಗ ಸಲಾಕೆಯಿಂದ ಬುಡಸಮೇತ ಎತ್ತುತ್ತೇನೆ. ಅಲ್ಲೊಂದು ಇಲ್ಲೊಂದು ಕಾಣುವ ಕಾಂಗ್ರೆಸ್ ಗಿಡವನ್ನೂ ಹೂ ಬಿಡುವ ಮುಂಚೆ ಕೈಗವಸು ಹಾಕಿ ಕೀಳುತ್ತೇನೆ. ಹುಲ್ಲನ್ನು ತೀರಾ ಬೋಳಿಸದೆ ಬಿಟ್ಟಾಗಿನಿಂದ ಕಳೆಯೇ ಕಡಿಮೆಯಾಗಿದೆ, ಔಷಧ ವರ್ಷಕ್ಕೊಮ್ಮೆ ಬೇಕಾದರೆ ಹೆಚ್ಚು.

ಸಿಂಪಡಿಸುವ ಹಿಂದಿನ ದಿನ ಆ ಅಮ್ಮನಿಗೆ ಹೇಳಿ ಬರುತ್ತೇನೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಒಂದು ಚಿಟಿಕೆ ಬೂದಿಯನ್ನು ಎದೆಯ ಎತ್ತರದಿಂದ ಬಿಡುತ್ತೇನೆ. ಅದು ಅವರ ಕಾಂಪೌಂಡಿನ ಕಡೆ ವಾಲಿದರೆ ಪಂಪನ್ನು ಮತ್ತೆ ಶೆಡ್ಡಿಗೆ ಒಯ್ಯುತ್ತೇನೆ.