ತಲೆಗೆ ಪೆಟ್ಟು ಬಿದ್ದ ಮೇಲೆ ನನ್ನ ಗೈಡ್ ಕೆಲಸ

ಬೈಕಿನಿಂದ ಬಿದ್ದ ಹನ್ನೊಂದನೆಯ ದಿನ ವಿಜಯಪುರದಲ್ಲಿ ಅರ್ಧಕ್ಕೇ ನಿಂತ ಗೋರಿ ಕಟ್ಟಡವಾದ ಬಾರಾ ಕಮಾನಿನ ಕೆಳಗೆ ಪ್ರವಾಸಿಗರನ್ನು ನಿಲ್ಲಿಸಿಕೊಂಡು, ಇದನ್ನು ಕಟ್ಟಿಸಲು ತೊಡಗಿದವನು ತಾಳಿಕೋಟೆ ಕಾಳಗದ ಅಲಿ ಆದಿಲ್‌ಶಾಹನೆಂದು ಹೇಳಿಬಿಟ್ಟೆ. 1565ರ ಆ ಕಾಳಗದವನು ಮೊದಲನೆಯ ಅಲಿ. ಬಾರಾ ಕಮಾನು 1656ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ಅಲಿಯದು. ಹದಿನಾಲ್ಕು ವರ್ಷ ಇದನ್ನೇ ಹೇಳಿಕೊಂಡು ಹೊಟ್ಟೆ ಹೊರೆದವನು ನಾನು. ತಪ್ಪಿದ್ದಕ್ಕಿಂತಲೂ, ತಪ್ಪಿದೆನೆಂಬುದು ಸಂಜೆ ಮಲಗಿದಾಗ ಹೊಳೆದದ್ದು ನನ್ನನ್ನು ಹೆಚ್ಚು ಹೆದರಿಸಿತು.

ದೊಡ್ಡ ಅಪಘಾತವೇನಲ್ಲ. ಉಸುಕಿನ ಮೇಲೆ ಗಾಲಿ ಜಾರಿತು, ಹೆಲ್ಮೆಟ್ ಇತ್ತು, ಎಚ್ಚರವೂ ತಪ್ಪಲಿಲ್ಲ. ಸಿ.ಟಿ. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಇದಕ್ಕೆ ಕನ್ಕಷನ್ ಎನ್ನುತ್ತಾರೆ, ಬುರುಡೆಯೊಳಗೆ ಮೆದುಳು ಅಲುಗಿ ಅದರ ಕೆಲಸ ಏರುಪೇರಾದದ್ದು ಸ್ಕ್ಯಾನಿನಲ್ಲಿ ಸಾಮಾನ್ಯವಾಗಿ ಮೂಡುವುದಿಲ್ಲ ಎಂದು ವಿವರಿಸಿದ ಡಾಕ್ಟರರು, ಪದೇಪದೇ ವಾಂತಿಯಾದರೆ, ತಲೆನೋವು ಏರುತ್ತಲೇ ಹೋದರೆ, ಮಾತು ತೊದಲಿದರೆ, ಎಬ್ಬಿಸಿದರೂ ಏಳದಷ್ಟು ಮಂಪರು ಕವಿದರೆ ತಡಮಾಡದೆ ಕರೆತರಬೇಕೆಂದು ನನ್ನ ಹೆಂಡತಿಗೆ ಎರಡೆರಡು ಸಲ ಹೇಳಿದರು. ಎರಡು ದಿನ ವಿಶ್ರಾಂತಿ, ಆಮೇಲೆ ಸ್ವಲ್ಪಸ್ವಲ್ಪವೇ ಓಡಾಟ. ಬಹಳ ಜನರಿಗೆ ಕೆಲವೇ ವಾರಗಳಲ್ಲಿ ವಾಸಿಯಾಗುತ್ತದಂತೆ. ನನಗೆ ಮೂರು ತಿಂಗಳು ಹಿಡಿಯಿತು. ಅದರಲ್ಲಿ ನನ್ನ ಅವಸರದ ಪಾಲೂ ಇದೆ.

ಅವ್ವ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ನನಗೆ ಹಸಿವಾಗುತ್ತಿತ್ತು. ಈಗ ಒಂದೊಂದು ಬಡಿತವೂ ಕಿವಿಯ ಹಿಂದೆಯೇ ಬೀಳತೊಡಗಿತು. ಬಾಯಿಬಿಟ್ಟು ಹೇಳಲು ಸಂಕೋಚಪಡುತ್ತಿದ್ದೆ. ಮುಖ ನೋಡಿಯೇ ತಿಳಿದ ಅವ್ವ ಮೂರನೆಯ ದಿನ ಒಲೆಯನ್ನು ಹಿತ್ತಲಿಗೆ ಒಯ್ದಳು. ಹೊರಗಿನವರಿಗೆ ತಿಳಿಸುವುದು ಇಷ್ಟು ಸುಲಭವಿರಲಿಲ್ಲ. "ಹೊರಗ ಒಂದ ಗೀರು ಸೈತ ಇಲ್ಲಲ್ಲೋ ತಮ್ಮಾ, ಒಳಗ ಏನ್ ಆಗೈತಿ?" ಎಂದು ಟಾಂಗಾದ ಹಿರಿಯರೊಬ್ಬರು ಕೇಳಿದರು. ಕೈ ಮುರಿದಿದ್ದರೆ ಕಟ್ಟಿದ ಪಟ್ಟಿಯೇ ಉತ್ತರ ಕೊಡುತ್ತಿತ್ತು.

ಹದಿನಾರನೆಯ ದಿನ ಶಾಲೆಯ ಮಕ್ಕಳೊಂದಿಗೆ ಗೋಳಗುಮ್ಮಟದ ಮೂಲೆಯ ಗೋಪುರ ಹತ್ತಿದೆ. ಏಳು ಅಂತಸ್ತಿನ ಇಕ್ಕಟ್ಟು ಮೆಟ್ಟಿಲು ಹೇಗೋ ಮುಗಿದವು. ಆದರೆ ಗುಮ್ಮಟದ ಒಳಸುತ್ತಿನ ಪಿಸುಗುಟ್ಟುವ ಮೊಗಸಾಲೆಯಲ್ಲಿ ಒಂದು ಚಪ್ಪಾಳೆ ಏಳು ಸಲ ಮರಳುತ್ತದೆ, ಅಲ್ಲಿ ಅರವತ್ತು ಮಕ್ಕಳು ಒಟ್ಟಿಗೆ ಚಪ್ಪಾಳೆ ತಟ್ಟಿದರು. ನೆಲ ಒಳಅಂಚಿನ ಕಡೆಗೆ ವಾಲಿದಂತಾಗಿ, ಗೋಡೆಗೆ ಎರಡೂ ಅಂಗೈ ಒತ್ತಿ ಕುಳಿತುಬಿಟ್ಟೆ. ಮರುದಿನ ದಿನವಿಡೀ ಹಾಸಿಗೆ ಬಿಡಲಿಲ್ಲ.

ಆಮೇಲೆ ಕೆಲಸವನ್ನು ಬಿಡದೆ, ಕತ್ತರಿಸಿ ಸಣ್ಣದು ಮಾಡಿಕೊಂಡೆ. ಎರಡು ವಾರ ದಿನಕ್ಕೆ ಒಂದೇ ಗುಂಪು, ಅದೂ ಬೆಳಗಿನ ತಂಪಿನಲ್ಲಿ, ಗದ್ದಲ ಕಡಿಮೆಯಿರುವ ಇಬ್ರಾಹಿಂ ರೋಜಾಕ್ಕೆ ಮಾತ್ರ. ಆನಂತರ ಗೋಳಗುಮ್ಮಟದಲ್ಲಿ ನಾನು ಕೆಳಗಿನ ಸಮಾಧಿಗಳ ಬಳಿ ಮಾತು ಮುಗಿಸುತ್ತಿದ್ದೆ. ಮೇಲಕ್ಕೆ ಗೆಳೆಯನೊಬ್ಬ ಕರೆದೊಯ್ಯುತ್ತಿದ್ದ, ಗಳಿಕೆಯ ಮೂರನೆಯ ಒಂದು ಪಾಲು ಅವನಿಗೆ. ಇಸವಿಗಳನ್ನು ಅಂಗೈಯಗಲದ ಕಾರ್ಡಿನಲ್ಲಿ ಬರೆದಿಟ್ಟುಕೊಂಡೆ. ಮೊದಲು ನಾಚಿಕೆಯೆನಿಸಿತು, ಪ್ರವಾಸಿಗರು ಅದನ್ನು ಗಮನಿಸಲೇ ಇಲ್ಲ. ಕಪ್ಪು ಕನ್ನಡಕ ಬಿಸಿಲಿಗೆ ಮಾತ್ರ. ನೆರಳಿನಲ್ಲಿಯೂ ಹಾಕಿಕೊಂಡರೆ ಕಣ್ಣಿಗೆ ಬೆಳಕು ಇನ್ನಷ್ಟು ಚುಚ್ಚತೊಡಗುತ್ತದೆ. ಬುಕಿಂಗ್ ಫೋನುಗಳನ್ನು ಹೆಂಡತಿ ನೋಡಿಕೊಂಡಳು, ನನಗಿಂತ ಚೆನ್ನಾಗಿಯೇ ದರ ಕುದುರಿಸಿದಳು.

ಡಾಕ್ಟರರು ಕೊಟ್ಟ ಅಳತೆಯೊಂದು ಬಹಳ ಕೆಲಸಕ್ಕೆ ಬಂತು. ಬೆಳಿಗ್ಗೆ ತಲೆನೋವಿಗೆ ಹತ್ತರಲ್ಲಿ ಎಷ್ಟೆಂದು ಅಂಕ ಹಾಕುವುದು; ಕೆಲಸದಲ್ಲಿ ಅದು ಎರಡು ಅಂಕಕ್ಕಿಂತ ಹೆಚ್ಚು ಏರಿದರೆ ನಿಲ್ಲಿಸುವುದು; ಒಂದು ಗಂಟೆಯೊಳಗೆ ಇಳಿಯದಿದ್ದರೆ ಮರುದಿನದ ಕೆಲಸ ಇನ್ನೂ ಕಡಿಮೆ ಮಾಡುವುದು. ತುಸು ನೋವಿಗೆ ಹೆದರಿ ಕತ್ತಲೆಯ ಕೋಣೆ ಸೇರುವ ಅಗತ್ಯವಿಲ್ಲವೆಂದೂ ಇದರಿಂದಲೇ ಕಲಿತೆ. ಬೈಕನ್ನು ಆರು ವಾರ ಮುಟ್ಟಲಿಲ್ಲ, ಏಕೆಂದರೆ ಮೊದಲ ಪೆಟ್ಟು ಮಾಯುವ ಮುನ್ನ ಇನ್ನೊಂದು ಬಿದ್ದರೆ ಅಪಾಯ ಹೆಚ್ಚು. ಮೇಲೆ ಚೆನ್ನಾಗಿಯೇ ಇದ್ದ ಹಳೆಯ ಹೆಲ್ಮೆಟ್ಟಿನ ಒಳಪದರ ಬಿರುಕುಬಿಟ್ಟಿತ್ತು; ಅದನ್ನು ಯಾರಿಗೂ ಕೊಡದೆ ಒಡೆದು ಎಸೆದೆ.

ಮೂರನೆಯ ತಿಂಗಳ ಕೊನೆಗೆ, ಶಾಲೆಯ ಬಸ್ಸುಗಳು ಬರುವ ಮೊದಲೇ ಒಬ್ಬನೇ ಮೊಗಸಾಲೆಗೆ ಹತ್ತಿ ಒಂದು ಚಪ್ಪಾಳೆ ತಟ್ಟಿದೆ. ಏಳನ್ನೂ ಎಣಿಸಿದೆ. ಒಂದಿದ್ದ ಅಂಕ ಎರಡಕ್ಕೇರಿ, ಕೆಳಗಿಳಿಯುವಷ್ಟರಲ್ಲಿ ಮತ್ತೆ ಒಂದಾಯಿತು. ಆ ಸಂಜೆಯ ಗುಂಪನ್ನು ಮಾತ್ರ ಗೆಳೆಯನಿಗೇ ಬಿಟ್ಟುಕೊಟ್ಟೆ.