ಮೂಲಂಗಿ ಮನೆಗೆ ಬಂದ ಕೂಡಲೇ ಸೊಪ್ಪು ಕತ್ತರಿಸಿ

ವಾರಕ್ಕೊಮ್ಮೆ ಸಾವಯವ ತರಕಾರಿ ಮನೆಗೆ ತರಿಸಿಕೊಳ್ಳುವವರು ಮೂಲಂಗಿ, ಬೀಟ್‌ರೂಟ್, ನವಿಲುಕೋಸು ಬಂದ ಕೂಡಲೇ ಸೊಪ್ಪನ್ನು ಕತ್ತರಿಸಿ ಬೇರೆ ಇಡಿ. ಕಿತ್ತ ಮೇಲೂ ಎಲೆಯಿಂದ ನೀರು ಆರುತ್ತಲೇ ಇರುತ್ತದೆ. ಆ ನೀರನ್ನು ಅದು ಗಡ್ಡೆಯಿಂದ ಎಳೆದುಕೊಳ್ಳುತ್ತದೆ. ಸೊಪ್ಪಿನ ಸಮೇತ ಫ್ರಿಜ್‌ನಲ್ಲಿಟ್ಟ ಮೂಲಂಗಿ ಬೇಗ ಮೆತ್ತಗಾಗುವುದು ಇದಕ್ಕೇ. ಬೀಟ್‌ರೂಟ್‌ಗೆ ಮಾತ್ರ ಒಂದು ಇಂಚು ದಂಟು ಬಿಡಿ, ಇಲ್ಲದಿದ್ದರೆ ಬೇಯಿಸುವಾಗ ಬಣ್ಣ ಜಾಸ್ತಿ ಬಿಟ್ಟುಬಿಡುತ್ತದೆ. ಸೊಪ್ಪನ್ನು ಸುಮ್ನೆ ಬಿಸಾಡಬೇಡಿ. ಮೂಲಂಗಿ ಸೊಪ್ಪಿಗೆ ಹೆಸರುಬೇಳೆ ಹಾಕಿದ ಪಲ್ಯ ಎಷ್ಟು ರುಚಿ ಅಲ್ವಾ? ಒಂದೆರಡು ದಿನದಲ್ಲೇ ಮಾಡಿಬಿಡಿ, ಸೊಪ್ಪು ಹೆಚ್ಚು ಕಾಯುವುದಿಲ್ಲ. ಗಡ್ಡೆ ಸ್ವಲ್ಪ ಬಾಡಿ ಬಂದಿದ್ದರೆ ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ, ಚೇತರಿಸಿಕೊಳ್ಳುತ್ತದೆ. ಆದರೆ ಬರುವಾಗಲೇ ಒಳಗೆ ಬೆಂಡಾಗಿದ್ದರೆ ಏನು ಮಾಡಿದರೂ ಸರಿಹೋಗುವುದಿಲ್ಲ.