ಪೊಟ್ಟಣದ ಹಿಂಬದಿಯನ್ನು ಓದಿ: ಹೊರದೇಶದಲ್ಲಿ ಬೇಕಿಂಗ್ ಸಾಮಾನು ಹುಡುಕುವ ಹೊಸಬರಿಗೆ

ಹೊರದೇಶಕ್ಕೆ ಬಂದು ಮನೆ ಹೂಡಿದ ನಮ್ಮವರು ಬೇಕಿಂಗಿಗೆ ಕೈಹಾಕುವಾಗ ಮೊದಲು ಕೇಳುವ ಪ್ರಶ್ನೆ, ಮೈದಾ ಎಲ್ಲಿ ಸಿಗುತ್ತದೆ ಎಂಬುದು. ಭಾರತೀಯ ದಿನಸಿ ಅಂಗಡಿಯಲ್ಲಿ ಸಿಗುತ್ತದೆ ಎಂಬ ಉತ್ತರವೂ ಬೇಗನೆ ದೊರೆಯುತ್ತದೆ. ಆ ಉತ್ತರಕ್ಕೇ ತೃಪ್ತರಾದವರು ಒಂದೊಂದು ಕೇಕಿಗೂ ಊರಿನ ಇನ್ನೊಂದು ತುದಿಗೆ ಹೋಗಿ, ದುಬಾರಿ ಬೆಲೆ ತೆತ್ತು, ಎಷ್ಟೋ ಸಲ ಹಳತಾಗಿಹೋದ ಹಿಟ್ಟನ್ನು ಹೊತ್ತು ತರುತ್ತಾರೆ. ಪಕ್ಕದ ಬೀದಿಯ ಅಂಗಡಿಯಲ್ಲೇ ಇರುವ ತಾಜಾ ಹಿಟ್ಟು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಬಹಳ ವರ್ಷಗಳಿಂದ ಹೊರದೇಶದ ಅಡುಗೆಮನೆಯಲ್ಲಿ ಕೇಕು, ಬ್ರೆಡ್ಡು ಮಾಡಿಕೊಂಡು ಬಂದಿರುವ ನಾನು ಹೊಸಬರಿಗೆ ಹೇಳುವ ಮೊದಲ ಮಾತು, ಯಾವ ಪೊಟ್ಟಣವನ್ನೇ ಕೈಗೆತ್ತಿಕೊಂಡರೂ ಹಿಂಬದಿಗೆ ತಿರುಗಿಸಿ ಅಲ್ಲಿರುವ ಅಂಕಿಗಳನ್ನು ಓದಿ ಎಂಬುದು. ಆ ದೇಶದ ಭಾಷೆ ಇನ್ನೂ ಕೈಹತ್ತದಿದ್ದರೂ ಅಂಕಿಗಳು ಓದಲು ಬರುತ್ತವೆ.

ಗೋಧಿ ಹಿಟ್ಟಿನ ವಿಷಯದಲ್ಲಿ ನೋಡಬೇಕಾದ ಅಂಕಿ, 100 ಗ್ರಾಂ ಹಿಟ್ಟಿನಲ್ಲಿರುವ ಪ್ರೋಟೀನ್. ಹಿಟ್ಟಿಗೆ ನೀರು ಬಿದ್ದಾಗ ಗ್ಲುಟೆನ್ ಆಗಿ ಜಾಲ ಹೆಣೆಯುವುದು ಈ ಪ್ರೋಟೀನೇ. 7ರಿಂದ 9 ಗ್ರಾಂ ಇದ್ದರೆ ಮೃದುವಾದ ಕೇಕಿಗೆ ಸರಿ. 10ರಿಂದ 11 ಗ್ರಾಂ ಇದ್ದರೆ ನಾವು ಮೈದಾ ಬಳಸುತ್ತಿದ್ದ ಎಲ್ಲ ಕಡೆಗೂ ಸಲ್ಲುತ್ತದೆ. 12ಕ್ಕಿಂತ ಮೇಲಿದ್ದರೆ ಅದು ಬ್ರೆಡ್ಡಿನ ಹಿಟ್ಟು, ಅದರಲ್ಲಿ ಮಾಡಿದ ಬಿಸ್ಕತ್ತು ಗಡುಸಾಗುತ್ತದೆ. ಹೊಸಬರು ಹೆಚ್ಚಾಗಿ ಎಡವುವುದು ಪೊಟ್ಟಣದ ಮುಂಬದಿಯ ದೊಡ್ಡ ಸಂಖ್ಯೆಯನ್ನೇ ಹಿಟ್ಟಿನ ಬಲ, ಅಂದರೆ ಪ್ರೋಟೀನಿನ ಪ್ರಮಾಣ, ಎಂದು ತಿಳಿಯುವುದರಿಂದ. ಜರ್ಮನಿಯಲ್ಲಿ 405, 550, 1050 ಎಂದೂ ಫ್ರಾನ್ಸಿನಲ್ಲಿ ಟಿ 45, ಟಿ 55, ಟಿ 65 ಎಂದೂ ನಮೂದಿಸುವುದು, ಹಿಟ್ಟನ್ನು ಪೂರ್ತಿ ಸುಟ್ಟಾಗ ಉಳಿಯುವ ಖನಿಜದ ಬೂದಿಯ ಪ್ರಮಾಣವನ್ನು. ಸಂಖ್ಯೆ ಹೆಚ್ಚಿದಷ್ಟೂ ತೌಡಿನ ಅಂಶ ಹೆಚ್ಚು, ಬಣ್ಣ ಗಾಢ ಎಂದಷ್ಟೇ ಅದರಿಂದ ತಿಳಿಯುತ್ತದೆ. ಜರ್ಮನಿಯ 550 ಮತ್ತು ಫ್ರಾನ್ಸಿನ ಟಿ 55 ಹೆಚ್ಚುಕಡಿಮೆ ಒಂದೇ ಮಟ್ಟದವು. ಇಟಲಿಯ 00 ಕೂಡ ಹಿಟ್ಟು ಎಷ್ಟು ಬಿಳಿ ಎಂಬುದನ್ನು ಹೇಳುತ್ತದೆಯೇ ಹೊರತು ಅದರ ಬಲವನ್ನಲ್ಲ. ಕೇಕಿನ 00 ಒಂದಿದೆ, ಪಿಜ್ಜಾದ 00 ಇನ್ನೊಂದಿದೆ, ಇವೆರಡರ ಪ್ರೋಟೀನ್ ಬೇರೆಬೇರೆ. ಜಪಾನಿನ ಪದ್ಧತಿ ಮಾತ್ರ ನೇರವಾಗಿದೆ: ಹಾಕುರಿಕಿಕೊ ಎಂದರೆ ಕಡಿಮೆ ಬಲದ ಹಿಟ್ಟು, ಕ್ಯೋರಿಕಿಕೊ ಎಂದರೆ ಹೆಚ್ಚು ಬಲದ್ದು.

ಅಮೆರಿಕದಲ್ಲಿರುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಅಲ್ಲಿನ ಹಿಟ್ಟಿನ ಪೊಟ್ಟಣಗಳು ಪ್ರೋಟೀನನ್ನು 100 ಗ್ರಾಮಿಗಲ್ಲ, ಸಾಮಾನ್ಯವಾಗಿ 30 ಗ್ರಾಮಿಗೆ, ಅದೂ ಪೂರ್ಣಾಂಕಕ್ಕೆ ಸರಿಹೊಂದಿಸಿ ಕೊಡುತ್ತವೆ. ಆದ್ದರಿಂದ 3 ಗ್ರಾಂ ಎಂದಿರುವ ಹಿಟ್ಟು ಶೇಕಡ 9ರದ್ದೂ ಆಗಿರಬಹುದು, ಹನ್ನೊಂದೂವರೆಯದೂ ಆಗಿರಬಹುದು. ಅಲ್ಲಿ ಆಲ್ ಪರ್ಪಸ್, ಕೇಕ್, ಬ್ರೆಡ್ ಎಂಬ ಮುಂಬದಿಯ ವಿಂಗಡಣೆಯನ್ನೇ ನೆಚ್ಚಿಕೊಂಡು, ನಿಖರವಾದ ಅಂಕಿಯನ್ನು ಗಿರಣಿಯವರ ಜಾಲತಾಣದಲ್ಲಿ ನೋಡಿಕೊಳ್ಳುವುದು ಒಳ್ಳೆಯದು. ಬ್ರಿಟನ್ ಮತ್ತು ಆಸ್ಟ್ರೇಲಿಯಾದಲ್ಲಿ ಪ್ಲೇನ್ ಹಿಟ್ಟಿನ ಪಕ್ಕದಲ್ಲೇ ಸೆಲ್ಫ್ ರೈಸಿಂಗ್ ಹಿಟ್ಟು ಇರುತ್ತದೆ. ಅದರಲ್ಲಿ ಬೇಕಿಂಗ್ ಪೌಡರಿನ ಕೆಲಸ ಮಾಡುವ ವಸ್ತುಗಳು ಆಗಲೇ ಬೆರೆತಿರುವುದರಿಂದ, ಮೇಲೆ ಮತ್ತೆ ಪೌಡರ್ ಹಾಕಿದರೆ ಕೇಕು ಉಬ್ಬಿ ಮಧ್ಯದಲ್ಲಿ ಕುಸಿಯುತ್ತದೆ. ನಾವು ಕಾರ್ನ್ ಫ್ಲೋರ್ ಎನ್ನುವ ಬಿಳಿ ಪಿಷ್ಟ ಬ್ರಿಟನ್ನಿನಲ್ಲಿ ಅದೇ ಹೆಸರಿನಲ್ಲಿದ್ದರೆ, ಅಮೆರಿಕದಲ್ಲಿ ಅದನ್ನು ಕಾರ್ನ್ ಸ್ಟಾರ್ಚ್ ಎಂದು ಕೇಳಬೇಕು. ಸಕ್ಕರೆಯ ಸಾಲಿನಲ್ಲಿ ಜಾಮ್ ಮಾಡಲೆಂದು ಪೆಕ್ಟಿನ್ ಎಂಬ ಗಟ್ಟಿಯಾಗಿಸುವ ವಸ್ತು ಬೆರೆಸಿದ ಸಕ್ಕರೆಯನ್ನೂ ಇಟ್ಟಿರುತ್ತಾರೆ, ಅದು ಕೇಕಿಗೆ ಬೇಡ.

ಉಬ್ಬಿಸುವ ವಸ್ತುಗಳನ್ನು ಕೊಳ್ಳುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಡುಗೆ ಸೋಡಾ ಎಂದರೆ ಸೋಡಿಯಂ ಬೈಕಾರ್ಬೋನೇಟ್. ಜರ್ಮನಿಯಲ್ಲಿ ಅದನ್ನು ನಾಟ್ರೋನ್ ಎನ್ನುತ್ತಾರೆ. ಅಲ್ಲಿ ಬರೀ ಸೋಡಾ ಎಂದು ಕೇಳಿದರೆ ಸಿಗುವುದು ಬಟ್ಟೆ ಒಗೆಯುವ ಸೋಡಿಯಂ ಕಾರ್ಬೋನೇಟ್, ಅದನ್ನು ಯಾವ ಕಾರಣಕ್ಕೂ ಆಹಾರಕ್ಕೆ ಬೆರೆಸಬಾರದು. ಇಟಲಿಯಲ್ಲಿ ಲಿಯೆವಿತೋ, ಫ್ರಾನ್ಸಿನಲ್ಲಿ ಲೆವ್ಯೂರ್ ಎಂಬ ಒಂದೇ ಪದವನ್ನು ಬೇಕಿಂಗ್ ಪೌಡರಿಗೂ ಯೀಸ್ಟಿಗೂ ಬಳಸುವುದರಿಂದ, ಪೂರ್ತಿ ಹೆಸರನ್ನೂ ಪದಾರ್ಥಗಳ ಪಟ್ಟಿಯನ್ನೂ ಓದದೆ ಪೊಟ್ಟಣವನ್ನು ಬುಟ್ಟಿಗೆ ಹಾಕಬೇಡಿ. ಜರ್ಮನಿಯ ಬೇಕಿಂಗ್ ಪೌಡರ್ ಡಬ್ಬಿಯಲ್ಲಿ ಬರುವುದಕ್ಕಿಂತ ಸಣ್ಣ ಪೊಟ್ಟಣಗಳಲ್ಲಿ ಬರುವುದೇ ಹೆಚ್ಚು, ಒಂದು ಪೊಟ್ಟಣ 500 ಗ್ರಾಂ ಹಿಟ್ಟಿಗೆ ಸಾಕು. ಒಣ ಯೀಸ್ಟಿನ 7 ಗ್ರಾಂ ಪೊಟ್ಟಣವೂ ಅಷ್ಟೇ ಹಿಟ್ಟಿನ ಲೆಕ್ಕದ್ದು. ತಂಪು ಕಪಾಟಿನಲ್ಲಿ ಸಿಗುವ ಹಸಿ ಯೀಸ್ಟಿನ ಗಟ್ಟಿ ಜರ್ಮನಿಯಲ್ಲಿ 42 ಗ್ರಾಂ, ಸ್ವೀಡನ್ನಿನಲ್ಲಿ 50 ಗ್ರಾಂ ತೂಗುತ್ತದೆ; ಒಣ ಯೀಸ್ಟಿನ ಮೂರು ಪಟ್ಟು ತೂಕದಷ್ಟು ಹಸಿ ಯೀಸ್ಟು ಬೇಕು ಎಂಬ ಲೆಕ್ಕ ಇಟ್ಟುಕೊಂಡರೆ ಎಲ್ಲಿಯೂ ತಪ್ಪುವುದಿಲ್ಲ.

ಬೆಣ್ಣೆಯ ಹೆಸರಿನಲ್ಲಿ ಮಾರುವುದರಲ್ಲಿ ಶೇಕಡ 80ರಷ್ಟಾದರೂ ಕೊಬ್ಬು ಇರಬೇಕೆಂದು ಅಮೆರಿಕ ಮತ್ತು ಯುರೋಪಿನ ನಿಯಮಗಳು ಹೇಳುತ್ತವೆ. ಅದೇ ಸಾಲಿನಲ್ಲಿರುವ, ಬ್ರೆಡ್ಡಿಗೆ ಸವರುವ ಸ್ಪ್ರೆಡ್‌ಗಳಲ್ಲಿ ಕೊಬ್ಬು ಕಡಿಮೆ, ನೀರು ಹೆಚ್ಚು. ಕ್ರೀಮು ಕಡೆದಾಗ ನಿಲ್ಲಬೇಕಾದರೆ ಶೇಕಡ 30ಕ್ಕಿಂತ, ಸಾಧ್ಯವಾದರೆ 35ಕ್ಕಿಂತ ಹೆಚ್ಚು ಕೊಬ್ಬಿರಬೇಕು.

ಸಸ್ಯಾಹಾರಿಗಳಾಗಿ ಬೆಳೆದ ನಮ್ಮಲ್ಲಿ ಅನೇಕರಿಗೆ ಪೊಟ್ಟಣದ ಮೇಲಿನ ಹಸಿರು ಚುಕ್ಕೆ ದೊಡ್ಡ ಆಸರೆಯಾಗಿತ್ತು. ಗಡಿ ದಾಟಿದ ಮೇಲೆ ಆ ಆಸರೆ ಇಲ್ಲ. ವೆಜಿಟೇರಿಯನ್ ಎಂದು ಬರೆದಿದ್ದರೂ ಮೊಟ್ಟೆ ಇರಬಹುದು. ಯುರೋಪು ಮತ್ತು ಅಮೆರಿಕದಲ್ಲಿ ಹಾಲು, ಮೊಟ್ಟೆಗಳನ್ನು ಅಲರ್ಜಿ ತರುವ ವಸ್ತುಗಳೆಂದು ಸ್ಪಷ್ಟವಾಗಿ ನಮೂದಿಸಬೇಕೆಂಬ ಕಾನೂನಿದೆ, ಆದ್ದರಿಂದ ಅವು ಸುಲಭವಾಗಿ ಕಣ್ಣಿಗೆ ಬೀಳುತ್ತವೆ. ಜೆಲಟಿನ್ ಆ ಪಟ್ಟಿಯಲ್ಲಿಲ್ಲ. ಪ್ರಾಣಿಯ ಮೂಳೆ, ಚರ್ಮಗಳಿಂದ ತೆಗೆಯುವ ಆ ವಸ್ತು ಮಾರ್ಷ್‌ಮೆಲೋಗಳಲ್ಲಿ, ಕೇಕಿನ ಮೇಲಿಡುವ ಕೆಲವು ಅಲಂಕಾರಗಳಲ್ಲಿ, ಸಿದ್ಧ ಕ್ರೀಮುಗಳಲ್ಲಿ ಸದ್ದಿಲ್ಲದೆ ಸೇರಿರುತ್ತದೆ. ಯುರೋಪಿನ ಪೊಟ್ಟಣಗಳಲ್ಲಿ ಬಣ್ಣ ಮುಂತಾದ ಸೇರ್ಪಡೆಗಳಿಗೆ ಇ ಎಂದು ಶುರುವಾಗುವ ಸಂಖ್ಯೆ ಕೊಟ್ಟಿರುತ್ತಾರೆ: ಕೆಂಪು ಬಣ್ಣದ ಇ120 ಕೀಟದಿಂದ ಬಂದದ್ದು, ಮಿರುಗು ಕೊಡುವ ಇ904 ಕೀಟ ಸ್ರವಿಸುವ ಅರಗು, ಇ471 ಸಸ್ಯದ ಎಣ್ಣೆಯಿಂದಲೂ ಪ್ರಾಣಿಯ ಕೊಬ್ಬಿನಿಂದಲೂ ಆಗಬಹುದು. ಜೆಲ್ಲಿ ಗಟ್ಟಿಯಾಗಲು ಜೆಲಟಿನ್ ಬದಲು ಕಡಲಪಾಚಿಯಿಂದ ತೆಗೆಯುವ ಅಗರ್ ಅಗರ್ ಬಳಸಬಹುದು. ಪೂರ್ವ ಏಷ್ಯಾದವರ ಅಂಗಡಿಗಳಲ್ಲಿ ಅದು ಅಗ್ಗವಾಗಿ ಸಿಗುತ್ತದೆ. ಮೊಟ್ಟೆ ಬಿಡುವವರು ಒಂದು ಮೊಟ್ಟೆಯ ಬದಲಿಗೆ ಸುಮಾರು 50 ಗ್ರಾಂ ಗಟ್ಟಿ ಮೊಸರಿನಿಂದ ಆರಂಭಿಸಬಹುದು, ಸಾದಾ ಕೇಕಿಗೆ ಇದು ಚೆನ್ನಾಗಿ ಹೊಂದುತ್ತದೆ.

ಭಾರತದಿಂದ ಓಟಿಜಿಯನ್ನೋ (ಮೇಜಿನ ಮೇಲಿಡುವ ಚಿಕ್ಕ ವಿದ್ಯುತ್ ಓವನ್) ಬೀಟರನ್ನೋ ಹೊತ್ತು ತರುವ ಯೋಚನೆ ಇದ್ದರೆ, ಅಮೆರಿಕ, ಕೆನಡಾ, ಜಪಾನ್‌ಗಳ ಮಟ್ಟಿಗೆ ದಯವಿಟ್ಟು ಕೈಬಿಡಿ. ನಮ್ಮದು 230 ವೋಲ್ಟ್. ಅಮೆರಿಕ ಮತ್ತು ಕೆನಡಾದ ಗೋಡೆಯ ಪ್ಲಗ್ಗಿನಲ್ಲಿ ಬರುವುದು 120, ಜಪಾನಿನಲ್ಲಿ 100. ಕಾಯುವ ಸುರುಳಿಯ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುವುದರಿಂದ, ವೋಲ್ಟೇಜು ಅರ್ಧಕ್ಕಿಳಿದರೆ ಶಾಖ ಕಾಲು ಭಾಗಕ್ಕೆ ಇಳಿಯುತ್ತದೆ. ಬಾಡಿಗೆ ಮನೆಯ ಓವನ್ನಿನ ಗುಂಡಿ ತೋರಿಸುವ ಉಷ್ಣತೆಯನ್ನೂ ನಂಬುವಂತಿಲ್ಲ, ಒಳಗೆ ತೂಗುಹಾಕುವ ಚಿಕ್ಕ ಥರ್ಮಾಮೀಟರ್ ಕೊಳ್ಳಿ. ಪಾಕವಿಧಾನದಲ್ಲಿ 350 ಎಂದಿದ್ದರೆ ಅದು ಫ್ಯಾರನ್‌ಹೀಟ್, ಅಂದರೆ ಸುಮಾರು 180 ಸೆಲ್ಸಿಯಸ್. ಫ್ಯಾನ್ ಇರುವ ಓವನ್ನಿನಲ್ಲಿ 20 ಡಿಗ್ರಿ ಕಡಿಮೆ ಇಡಿ. ಅಚ್ಚುಗಳನ್ನು ಹೊಸದಾಗಿ ಕೊಳ್ಳುವ ಮುನ್ನ ಬಳಸಿದ ಸಾಮಾನುಗಳ ಅಂಗಡಿಗೆ ಹೋಗಿನೋಡಿ. ಅಮೆರಿಕದ ಕೆಲವು ಸಾರ್ವಜನಿಕ ಗ್ರಂಥಾಲಯಗಳು ಪುಸ್ತಕದಂತೆ ಕೇಕಿನ ಅಚ್ಚುಗಳನ್ನೂ ಎರವಲು ಕೊಡುತ್ತವೆ. ಗಡಿಯ ತಪಾಸಣೆಯ ವಿಷಯ ಇಷ್ಟೇ: ಹೊರಗಿನಿಂದ ಯುರೋಪಿನ ಒಕ್ಕೂಟಕ್ಕೆ ಬರುವವರು ಸಾಮಾನಿನಲ್ಲಿ ಹಾಲಿನ ಪದಾರ್ಥ ತರುವಂತಿಲ್ಲ, ಆಸ್ಟ್ರೇಲಿಯಾದಲ್ಲಿ ತಂದ ಆಹಾರವನ್ನೆಲ್ಲ ಘೋಷಿಸಬೇಕು.

ಇಷ್ಟನ್ನೆಲ್ಲ ಕೊಂಡು ತಂದರೂ ಒಂದು ವಸ್ತು ಇಲ್ಲದೆ ಕೆಲಸ ಸಾಗದು, ಅದು ಗ್ರಾಮಿನ ತಕ್ಕಡಿ. ಕಪ್ಪು ಎಂಬ ಅಳತೆ ಅಮೆರಿಕದಲ್ಲಿ ಸುಮಾರು 240 ಮಿಲಿಲೀಟರ್, ಆಸ್ಟ್ರೇಲಿಯಾದಲ್ಲಿ 250, ಜಪಾನಿನಲ್ಲಿ 200. ಟೇಬಲ್ ಚಮಚ ಬೇರೆಡೆ 15 ಮಿಲಿಲೀಟರಾದರೆ ಆಸ್ಟ್ರೇಲಿಯಾದಲ್ಲಿ 20. ಅಮೆರಿಕದ ಒಂದೇ ಕಪ್ಪಿಗೆ ಹಿಟ್ಟನ್ನು ಹಗುರವಾಗಿ ಉದುರಿಸಿದರೆ 120 ಗ್ರಾಂ, ಒತ್ತಿ ತುಂಬಿದರೆ 150 ಗ್ರಾಂ ಹಿಡಿಯುತ್ತದೆ. ಊರಿನಲ್ಲಿ ನಮ್ಮ ಹಿರಿಯರು ಇದಾವುದನ್ನೂ ನೋಡದೆ ಕಣ್ಣಂದಾಜಿನಲ್ಲಿ, ಕೈಯಂದಾಜಿನಲ್ಲಿ ಹಾಕುತ್ತಿದ್ದರು, ಅದು ಸರಿಯಾಗಿಯೂ ಬರುತ್ತಿತ್ತು, ಏಕೆಂದರೆ ಅವರ ಲೋಟ, ಅವರ ಅಂಗಡಿಯ ಹಿಟ್ಟು, ಅವರ ಊರಿನ ಹವೆ ವರ್ಷಗಟ್ಟಲೆ ಬದಲಾಗಿರಲಿಲ್ಲ. ಹೊರದೇಶದಲ್ಲಿ ನಾವು ನಿಜವಾಗಿ ಕಳೆದುಕೊಳ್ಳುವುದು ಆ ಕೈಯಂದಾಜನ್ನು. ಹಿಟ್ಟು ಬೇರೆ, ನೀರು ಬೇರೆ, ಚಳಿಗಾಲದ ಒಣ ಗಾಳಿ ಬೇರೆ. ಬೇರು ಬಿಟ್ಟ ಗಿಡವನ್ನು ಬೇರೆ ಮಣ್ಣಿಗೆ ಕಿತ್ತು ನೆಟ್ಟ ಹಾಗೆ ಅನುಭವಸ್ಥ ಕೈಗಳೂ ಕೆಲಕಾಲ ಸೊರಗುತ್ತವೆ. ಇದನ್ನು ನನ್ನ ಪರಿಚಯದ ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ, ಊರಿನಲ್ಲಿ ಹೆಸರಾಗಿದ್ದ ಕೈಗಳು ಹೊಸ ದೇಶದಲ್ಲಿ ಅಳುಕಿನಿಂದ ಒಲೆ ಬಿಟ್ಟು ದೂರ ಸರಿದದ್ದನ್ನೂ ಕಂಡಿದ್ದೇನೆ. ಅವರು ಹಾಗೆ ಸರಿಯಬೇಕಾಗಿರಲಿಲ್ಲ ಎಂಬ ನೋವು ನನಗಿದೆ.

ಆದ್ದರಿಂದ ಫೋನಿನಲ್ಲಿ ಅಮ್ಮನನ್ನೋ ಅತ್ತೆಯನ್ನೋ ಕೇಳುವಾಗ ಎಷ್ಟು ಲೋಟ ಎಂದಷ್ಟೇ ಕೇಳಬೇಡಿ. ಅವರು ಬಳಸುವ ಲೋಟದಲ್ಲಿ ಒಮ್ಮೆ ಹಿಟ್ಟು, ಸಕ್ಕರೆಗಳನ್ನು ತುಂಬಿಸಿ, ತಕ್ಕಡಿಯಲ್ಲಿಟ್ಟು ತೂಗಿಸಿ, ಆ ಅಂಕಿಗಳನ್ನು ಬರೆದುಕೊಳ್ಳಿ. ಅವರು ಇರುವಾಗಲೇ ಈ ಕೆಲಸ ಆಗಬೇಕು. ಜೊತೆಗೆ ಹೊಸ ದೇಶದಲ್ಲಿ ಬಳಸಿದ ಹಿಟ್ಟಿನ ಪ್ರೋಟೀನು, ಹಿಡಿದ ನೀರು, ಓವನ್ನಿನ ಉಷ್ಣತೆಯನ್ನೂ ಅದೇ ಪುಟದಲ್ಲಿ ಗುರುತಿಸಿಡಿ. ಮುಂದೆ ಇನ್ನೊಂದು ದೇಶಕ್ಕೆ ಮನೆ ಬದಲಾಯಿಸಬೇಕಾಗಿ ಬಂದರೆ, ಎಲ್ಲವನ್ನೂ ಮೊದಲಿನಿಂದ ಕಲಿಯುವ ಕಷ್ಟವನ್ನು ಆ ಪುಟ ತಪ್ಪಿಸುತ್ತದೆ.

ತಕ್ಕಡಿಯ ಮುಂದೆ ಮಕ್ಕಳನ್ನು ನಿಲ್ಲಿಸಿಕೊಳ್ಳಿ. ಪೊಟ್ಟಣದ ಭಾಷೆ ಅವರಿಗೆ ನಮಗಿಂತ ಬೇಗ ಬರುತ್ತದೆ, ಅಜ್ಜಿಯ ಮಾತು ನಮಗೆ ಅವರಿಗಿಂತ ಚೆನ್ನಾಗಿ ತಿಳಿಯುತ್ತದೆ. ಒಂದು ಕೇಕು ಆಗಬೇಕಾದರೆ ಇಬ್ಬರೂ ಬೇಕು. ಮಗು ಪಟ್ಟಿ ಓದುವಾಗ ನಡುನಡುವೆ ಕನ್ನಡದಲ್ಲಿ ಹಿಟ್ಟು ಜರಡಿ ಹಿಡಿ, ಬೆಣ್ಣೆ ನೊರೆ ಬರುವಂತೆ ಕಡೆ ಎಂದು ಹೇಳುತ್ತಾ ಹೋದರೆ, ಪಾಠವೆಂದು ಕೂರಿಸಿ ಕಲಿಸಲಾಗದ ಮಾತುಗಳು ಅದರ ಬಾಯಿಗೆ ಬರುತ್ತವೆ. ಶಾಲೆಗೆ ಕೇಕು ಕಳಿಸುವ ಸಂದರ್ಭ ಬಂದಾಗ ಮೊದಲು ಶಿಕ್ಷಕರನ್ನು ವಿಚಾರಿಸಿ; ಅನೇಕ ಶಾಲೆಗಳು ಕಡಲೆಕಾಯಿ, ಗೋಡಂಬಿ, ಬಾದಾಮಿಯಂಥ ಬೀಜಗಳನ್ನು ಬಳಸಿದ ತಿನಿಸನ್ನು ಒಪ್ಪುವುದಿಲ್ಲ, ಕೆಲವು ಮನೆಯಲ್ಲಿ ಮಾಡಿದ್ದನ್ನೇ ಒಪ್ಪುವುದಿಲ್ಲ. ಒಪ್ಪುವ ಶಾಲೆಯಾದರೆ ಹಿಟ್ಟು, ಹಾಲು, ಮೊಟ್ಟೆ, ಸೋಯಾ ಏನೇನು ಬಿದ್ದಿದೆ ಎಂಬ ಪಟ್ಟಿಯನ್ನು ಆ ದೇಶದ ಭಾಷೆಯಲ್ಲಿ ಮಗುವಿನ ಕೈಯಲ್ಲೇ ಬರೆಸಿ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿ ಕಳಿಸಿ.